ಒತ್ತಿದಷ್ಟೂ ಇಳಿದ ದನಿ

ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಮನೆಯಲ್ಲಿ ನಗು ಬರುವಂಥದ್ದು ಏನಾದರೊಂದು ನಡೆಯುತ್ತಲೇ ಇರುತ್ತದೆ. ನಡೆಯುವಾಗ ಮನೆಯವರು ಯಾರೂ ನಗುವುದಿಲ್ಲ, ಅಷ್ಟೇ. ಪುತ್ತೂರಿನಲ್ಲಿ ಅಂಥ ಒಂದು ಮನೆಯಲ್ಲಿ ನಾನು ಐವತ್ತರ ದಶಕದ ಕೊನೆಯಿಂದ ಕೆಲವು ವರ್ಷ ಇದ್ದೆ. ಆಗ ನಗದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ವಿದ್ಯೆಯ ವಿಷಯ. ಬೇರೆ ಎಲ್ಲಿಯೂ ಅದನ್ನು ಹೇಳುವ ಸಂದರ್ಭ ನನಗೆ ಸಿಕ್ಕಿಲ್ಲ. ಮದರಾಸಿನಲ್ಲಿ ಎಂ.ಎಸ್ಸಿ. ಮಾಡುವಾಗ ನಾನು ಬಿಳಿ ಬಿಲ್ಲೆಗಳ ಮೇಲೆ ತೂಕ ಇಟ್ಟುಕೊಂಡು ಕೂತಿದ್ದೆ. ಬೇರಿಯಂ ಟೈಟನೇಟ್ ಎಂಬ ಒಂದು ಜಾತಿಯ ಪಿಂಗಾಣಿ ಅದು. ಒತ್ತಿದರೆ ವಿದ್ಯುತ್ತು ಕೊಡುತ್ತದೆ. ಹುಟ್ಟಿನಿಂದ ಅದಕ್ಕೆ ಈ ಗುಣ ಇಲ್ಲ. ಬಿಸಿ ಎಣ್ಣೆಯಲ್ಲಿ ಮುಳುಗಿಸಿ, ದೊಡ್ಡ ವೋಲ್ಟೇಜು ಹಾಯಿಸಿ, ಒಳಗಿರುವ ಕಣಗಳನ್ನೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿ ನಿಲ್ಲಿಸಬೇಕು. ಆಮೇಲೆ ಹಗುರವಾಗಿ ಒತ್ತಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೋರಾಗಿ ಒತ್ತಿದರೆ ಒಳಗಿನವು ಒಂದೊಂದು ಒಂದೊಂದು ಕಡೆಗೆ ತಿರುಗಿ ನಿಲ್ಲುತ್ತವೆ. ಮತ್ತೆ ಅದು ಬರೇ ಪಿಂಗಾಣಿ. ಎಷ್ಟು ಒತ್ತಡಕ್ಕೆ ಎಷ್ಟು ಕೆಡುತ್ತದೆ ಎಂಬುದೇ ನನ್ನ ಪ್ರಬಂಧ. ಅದನ್ನು ನಾನು ಮತ್ತು ನನ್ನ ಗುರುಗಳು ಓದಿದ್ದೇವೆ. ಗುರುಗಳ ವಿಷಯ ಖಚಿತವಿಲ್ಲ.

ಈ ವಿದ್ಯೆ ಬೇಕಾದ ಕೆಲಸ ದೇಶದಲ್ಲಿ ಎಲ್ಲಿಯೂ ಖಾಲಿ ಇರಲಿಲ್ಲ. ಪುತ್ತೂರಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಾಗಿ ಬಂದೆ. ಅಕ್ಕನ ಮನೆಯಲ್ಲಿ ಉಳಿದುಕೊಂಡೆ. ಮನೆ ಎಂದರೆ ಭಾವನ ಮೈಕಿನ ಅಂಗಡಿಯ ಹಿಂದಿನ ಎರಡು ಕೋಣೆ. ಭಾವನ ಹತ್ತಿರ ಒಂದು ಹಾಡಿನ ಪೆಟ್ಟಿಗೆ, ಒಂದು ಆಂಪ್ಲಿಫೈಯರ್, ಎರಡು ಹಾರ್ನು, ಕಾರಿನದ್ದೊಂದು ಬ್ಯಾಟರಿ ಮತ್ತು ಒಂದು ಮೈಕು ಇದ್ದವು. ಧೈರ್ಯ ಇರಲಿಲ್ಲ.

ಧೈರ್ಯ ಇಲ್ಲದ್ದಕ್ಕೆ ಕಾರಣ ಪಂಜದಲ್ಲಿ ಇತ್ತು. ಭಾವನ ಅಣ್ಣ ಅಲ್ಲಿನ ಕೂಡುಕುಟುಂಬದ ಯಜಮಾನರು. ನಾವೆಲ್ಲ ಅವರನ್ನು ದೊಡ್ಡವರು ಎನ್ನುತ್ತಿದ್ದೆವು. ಭಾವ ಮನೆ ಬಿಟ್ಟು ಪುತ್ತೂರಿಗೆ ಹೊರಟಾಗ ಅವರು ದೈವದ ಚಾವಡಿಯಲ್ಲಿ ನಿಂತು, "ಹೋಗು. ನಿನ್ನ ಪೆಟ್ಟಿಗೆ ಹಾಡುದು ನಿಂತ ದಿನ ಹೆಂಡತಿಯನ್ನು ಕರ್ಕೊಂಡು ವಾಪಸು ಬಾ. ದನದ ಹಟ್ಟಿಗೂ ಜನ ಬೇಕು, ಒಲೆಗೂ ಜನ ಬೇಕು" ಎಂದಿದ್ದರು.

ಭಾವ ರೋಷದಲ್ಲಿ, "ಆಯ್ತು. ನಿಂತ್ರೆ ಬರ್ತೇನೆ" ಎಂದುಬಿಟ್ಟರು.

ದೈವದ ಎದುರು ಆಡಿದ ಮಾತು. ಅದಕ್ಕೆ ಅಪೀಲು ಇಲ್ಲ. ಅಕ್ಕನನ್ನು ಯಾರೂ ಕೇಳಿರಲಿಲ್ಲ. ಮದುವೆಯಾದ ದಿನದಿಂದ ಪಂಜದ ಒಲೆ ಊದಿ ಊದಿ ಅವಳ ಕಣ್ಣು ಯಾವಾಗಲೂ ಕೆಂಪಗೆ ಇರುತ್ತಿತ್ತು. ಪುತ್ತೂರಿಗೆ ಬಂದ ಮೇಲೆ ಬೆಳ್ಳಗಾಗಿತ್ತು. ಹಾಡು ಕೇಳಿದರೆ ಅವಳಿಗೆ ತಲೆನೋವು. ಆದರೂ ಬೆಳಿಗ್ಗೆ ಎದ್ದ ಕೂಡಲೇ ಹೇಳುತ್ತಿದ್ದದ್ದು ಒಂದೇ ಮಾತು: "ಒಮ್ಮೆ ಹಾಕಿ ನೋಡಿ, ಹಾಡ್ತದಾ ಅಂತ."

ಅಟ್ಟಕ್ಕೆ ಹಾಕಿದ ಹರಳು

ಗ್ರಾಮಫೋನ್ ಪ್ಲೇಟಿನ ಮೇಲೆ ಓಡುವ ಮುಳ್ಳಿನ ತಲೆಯೊಳಗೆ ಒಂದು ಹರಳು ಇರುತ್ತದೆ. ಮುಳ್ಳು ನಡುಗಿದರೆ ಹರಳು ಬಾಗುತ್ತದೆ, ಬಾಗಿದರೆ ವಿದ್ಯುತ್ತು ಹುಟ್ಟುತ್ತದೆ, ಅದೇ ಹಾರ್ನಿನಲ್ಲಿ ಹಾಡಾಗುತ್ತದೆ. ನಾನು ಬಂದಾಗ ಭಾವನ ಪೆಟ್ಟಿಗೆಯಲ್ಲಿ ಇದ್ದದ್ದು ನನ್ನ ಪಿಂಗಾಣಿ ಅಲ್ಲ, ಹಳೇ ಕಾಲದ ಹರಳು. ಅದು ಒಂದು ಬಗೆಯ ಉಪ್ಪು. ಜೂನ್ ತಿಂಗಳಲ್ಲಿ ನಮ್ಮ ಕಡೆ ಉಪ್ಪಿಗೆ ಏನಾಗುತ್ತದೋ ಅದಕ್ಕೂ ಅದೇ ಆಯಿತು. ಗಂಡಸರ ಹಾಡೂ ಹೆಂಗಸರ ಹಾಡೂ ಒಂದೇ ನೆಗಡಿಯಲ್ಲಿ ಬರತೊಡಗಿದವು.

"ಹರಳು ನೀರು ಕುಡಿದಿದೆ" ಎಂದೆ.

"ಕುಡಿದ್ರೆ ಒಣಗಿಸುವ" ಎಂದರು ಭಾವ.

ಮಳೆಗಾಲದಲ್ಲಿ ನಮ್ಮವರು ಏನನ್ನೇ ಆದರೂ ಒಣಗಿಸುವ ಜಾಗ ಒಂದೇ, ಒಲೆಯ ಮೇಲಿನ ಅಟ್ಟ. ಹುಣಿಸೆಹುಳಿ, ಒಣಮೀನು, ಬಿತ್ತನೆಯ ಬೀಜ, ಮದುವೆಯ ಸೀರೆ, ಜಾತಕ ಎಲ್ಲ ಅಲ್ಲೇ.

"ಬೇಡ ಭಾವ. ಸ್ನಾನದ ಹಂಡೆಯ ಬಿಸಿ ತಾಗಿದರೂ ಅದು ಕರಗಿ ಹೋಗ್ತದೆ."

"ಮಾಷ್ಟ್ರೆ, ನಿಮ್ಮ ಮದ್ರಾಸಲ್ಲಿ ಇಷ್ಟು ಮಳೆ ಉಂಟಾ?"

"ಇಲ್ಲ."

"ಮತ್ತೆ ಒಣಗಿಸುವ ವಿಷಯ ನಿಮಗೆ ಎಂತ ಗೊತ್ತು?"

ಹರಳನ್ನು ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ, ಒಣ ಬಂಗುಡೆ ಮೀನಿನ ಪಕ್ಕದಲ್ಲಿ ಅಟ್ಟಕ್ಕೆ ಹಾಕಿದರು. ಮರುದಿನ ಅಕ್ಕ ಒಲೆಯ ಬದಿಯಲ್ಲಿ ಏನೋ ಅಂಟು ತೊಟ್ಟಿಕ್ಕಿದ್ದನ್ನು ಕಂಡು ಬಂಗುಡೆಯನ್ನು ಬೈದಳು. ಬಟ್ಟೆ ಬಿಚ್ಚಿ ನೋಡಿದರೆ ಒಳಗೆ ಒದ್ದೆ ಕಲೆ ಮಾತ್ರ ಇತ್ತು.

ಭಾವ ಆ ಬಟ್ಟೆಯನ್ನು ಹಿಂಡಿ ನೋಡಿದರು. ಅಕ್ಕ ಕೇಳಿದಳು, "ಇದು ನಿಂತ ಹಾಗಾ?"

"ಮಳೆಗಾಲದಲ್ಲಿ ಯಾರಿಗೂ ಹಾಡು ಬೇಡ. ಹಾಡು ಅಂತ ಹೇಳಿ ಹಾಡದಿದ್ರೆ ಅಲ್ವಾ ನಿಲ್ಲುದು?" ಎಂದರು ಭಾವ. ಆ ಮಾತಿನಲ್ಲಿ ಒಂದು ನ್ಯಾಯ ಇತ್ತು. ಜೂನಿನಲ್ಲಿ ಇಂಥ ನ್ಯಾಯ ಸುಲಭವಾಗಿ ಸಿಗುತ್ತದೆ.

ಆ ಉಪ್ಪನ್ನು ಹಿಂದಿನವರು ತಯಾರು ಮಾಡಿದ್ದು ಹಾಡಿಗಲ್ಲ, ಭೇದಿ ಮಾಡಿಸಲಿಕ್ಕೆ. ಈ ಸಂಗತಿ ನಮ್ಮ ಬೆಕ್ಕಿಗೆ ಗೊತ್ತಿರಲಿಲ್ಲ. ಒಲೆಯ ಬದಿಯನ್ನು ಅದು ಚೊಕ್ಕವಾಗಿ ನೆಕ್ಕಿತ್ತು. ಆ ಮಳೆಗಾಲದಲ್ಲಿ ನಮ್ಮ ಅಂಗಡಿಯಿಂದ ಹೊರಟ ಜೋರಾದ ಸದ್ದೆಂದರೆ ಬೆಕ್ಕಿನದ್ದು.

ಕಪ್ಪಿನ ಚೂರು

ಮದರಾಸಿನ ಪ್ರಯೋಗಾಲಯದಲ್ಲಿ ಉಳಿದಿದ್ದ ಗೆಳೆಯನೊಬ್ಬನಿಗೆ ಬರೆದೆ. ಅವನು ಪಿಂಗಾಣಿ ತುಂಡಿನ ಹೊಸ ಬಗೆಯ ಪಿಕಪ್ಪು, ಅಂದರೆ ಮುಳ್ಳಿನ ತಲೆ, ಒಂದನ್ನು, ಅದೇ ಜಾತಿಯ ತುಂಡು ಇರುವ ಮೈಕು ಒಂದನ್ನು ಹೇಗೋ ಸಂಪಾದಿಸಿ ಕಳಿಸಿದ. ಇನ್ನೊಮ್ಮೆ ಕೇಳಬೇಡ ಎಂದೂ ಬರೆದ.

ಪಿಕಪ್ಪು ಜೋಡಿಸುವಾಗ ಒಳಗಿನ ತುಂಡು ಭಾವನ ಕಣ್ಣಿಗೆ ಬಿತ್ತು. ಅವರು ಎದುರಿನ ಪಿಂಗಾಣಿ ಅಂಗಡಿಯ ಬ್ಯಾರಿ ಸಾಹುಕಾರರನ್ನು ಕರೆದು ತೋರಿಸಿದರು. ಸಾಹುಕಾರರು ಕನ್ನಡಕ ಏರಿಸಿ ನೋಡಿ, "ಕಪ್ಪಿನ ಚೂರು. ಹಿಡಿಯ ಹತ್ತಿರದ್ದು" ಎಂದು ತೀರ್ಪು ಕೊಟ್ಟರು. "ಇಂಥದ್ದು ಬೇಕಾದ್ರೆ ನನ್ನತ್ರ ಹೇಳ್ಬಾರ್ದಾ ಮಾಷ್ಟ್ರೆ? ಒಂದೊಂದು ಲೋಡು ಬರುವಾಗ ಬುಟ್ಟಿ ತುಂಬ ಸಿಗ್ತದೆ."

ಇದು ಬೇರೆ ಪಿಂಗಾಣಿ ಎಂದು ನಾನು ವಿವರಿಸತೊಡಗಿದೆ. ಬಿಸಿ ಎಣ್ಣೆ, ವೋಲ್ಟೇಜು, ದಿಕ್ಕು. ಇಬ್ಬರೂ ಶ್ರದ್ಧೆಯಿಂದ ಕೇಳಿದರು. ಹೈಸ್ಕೂಲಿನಲ್ಲಿ ನನಗೆ ಅಷ್ಟು ಶ್ರದ್ಧೆ ಸಿಕ್ಕಿರಲಿಲ್ಲ.

"ಅಂದ್ರೆ ಮೊದಲು ಅದು ಬರೇ ಕಲ್ಲು. ಆಮೇಲೆ ಆವಾಹನೆ ಮಾಡುದು" ಎಂದರು ಭಾವ.

"ಆವಾಹನೆ ಅಲ್ಲ."

"ಹೆಚ್ಚು ಒತ್ತಿದ್ರೆ?"

"ಬಿಟ್ಟು ಹೋಗ್ತದೆ."

"ಮತ್ತೆ? ದೈವದ ಹಾಗೇ ಅಲ್ವಾ?"

ಅಲ್ಲ ಎನ್ನಲು ಬಾಯಿ ತೆರೆದೆ. ಹೌದು ಎನ್ನಲು ಮನಸ್ಸು ಬರಲಿಲ್ಲ. ಭಾವ ನನ್ನ ಮೌನವನ್ನು ಒಪ್ಪಿಗೆ ಎಂದು ತಿಳಿದು ಅದಕ್ಕೆ ಒಂದು ಕ್ರಮ ಕಟ್ಟಿದರು. ಸ್ನಾನ ಮಾಡದೆ ಮುಟ್ಟಬಾರದು. ಮೀನು ತಿಂದ ಕೈ ತಾಗಬಾರದು. ವಿಜ್ಞಾನದ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇರಲಿಲ್ಲ. ಮುಟ್ಟುವವರು ಕಡಿಮೆಯಾದಷ್ಟೂ ಆ ತುಂಡಿಗೆ ಆಯುಷ್ಯ. ಹಾಗಾಗಿ ನಾನು ಆ ಮೂಢನಂಬಿಕೆಯನ್ನು ಬೆಂಬಲಿಸಿದೆ.

ಹೊಸ ತುಂಡಿನ ಮೊದಲ ಕಾರ್ಯಕ್ರಮ ಅರಂತೋಡಿನಲ್ಲಿ, ಒಂದು ಬೀಗರ ಔತಣ. ಕೋಳಿ, ಮೀನು ಎರಡೂ ಇತ್ತು. ಭಾವ ವಾಸನೆ ಹಿಡಿದೊಡನೆ, "ಮಾಷ್ಟ್ರೆ, ಇವತ್ತು ನನ್ನ ಕೈ ಮೈಲಿಗೆ ಆಗುದು ಖಂಡಿತ. ಪ್ಲೇಟು ನೀವು ಹಾಕಿ" ಎಂದರು. ಎಂ.ಎಸ್ಸಿ. ಓದಿದ ಸಂದೇಹವಾದಿಯಾದ ನಾನು ಮಡಿಯಲ್ಲಿ, ಉಪವಾಸ, ಸಂಜೆಯವರೆಗೆ ಪ್ಲೇಟು ಬದಲಾಯಿಸಿದೆ. ಭಾವ ಮೂರನೇ ಪಂಕ್ತಿಯಿಂದ ಎದ್ದು ಬಂದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ಎಂತ ಶಕ್ತಿ ಮಾರಾಯ್ರೆ ಅದಕ್ಕೆ" ಎಂದರು.

ಸೋದರಮಾವನ ತೂಕ

ಬಿಸಿಲಿಗೆ ಇಟ್ಟ ಪ್ಲೇಟು ಹಪ್ಪಳದ ಹಾಗೆ ಅಂಚು ಏಳುತ್ತದೆ. ಆಗ ಮುಳ್ಳು ಹಾರುತ್ತದೆ, ಹಾಡಿದ್ದನ್ನೇ ಹಾಡುತ್ತದೆ. ಮುಳ್ಳಿನ ತಲೆಯ ಮೇಲೆ ಒಂದು ಬಿಲ್ಲೆ ನಾಣ್ಯ ಇಟ್ಟರೆ ಸರಿಹೋಗುತ್ತದೆ. ಎಲ್ಲ ಮೈಕಿನವರೂ ಹಾಗೆ ಮಾಡುವುದು ಉಂಟು. ನಾಣ್ಯದವರೆಗೆ ನಾನೂ ಒಪ್ಪುತ್ತಿದ್ದೆ.

ಆಲೆಟ್ಟಿಯ ಒಂದು ಮದುವೆಯಲ್ಲಿ ಮದುಮಗಳ ಸೋದರಮಾವ ಬಂದು ಪೆಟ್ಟಿಗೆಯ ಪಕ್ಕದಲ್ಲಿ ಕೂತರು. ನಮ್ಮ ಮದುವೆಗಳಲ್ಲಿ ಸೋದರಮಾವನಿಗೆ ದೊಡ್ಡ ಅಧಿಕಾರ ಉಂಟು. ಆದರೆ ಅದನ್ನು ಚಲಾಯಿಸುವ ಹೊತ್ತು ಸ್ವಲ್ಪವೇ. ಉಳಿದ ಹೊತ್ತು ಅವರು ಅಧಿಕಾರವನ್ನು ಸುಮ್ಮನೆ ಹೊತ್ತುಕೊಂಡು ತಿರುಗಬೇಕು.

"ಇದರ ಮೇಲೆ ಎಂತದು ಇಟ್ಟದ್ದು?"

"ನಾಣ್ಯ. ಮುಳ್ಳು ಹಾರದ ಹಾಗೆ."

"ಓ. ತೂಕ ಇಟ್ರೆ ಹಾಡುದಾ ಇದು."

ಅವರು ಎಲೆಯಡಿಕೆಯ ಚೀಲದಿಂದ ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು ನಾಣ್ಯದ ಮೇಲೆ ಇಟ್ಟರು. ದನಿ ಸ್ವಲ್ಪ ಇಳಿಯಿತು.

"ತೆಗೆಯಿರಿ ಮಾರಾಯ್ರೆ" ಎಂದೆ.

"ನೀವು ಯಾರ ಕಡೆಯವರು? ಹೆಣ್ಣಿನ ಕಡೆಯಾ, ಗಂಡಿನ ಕಡೆಯಾ?"

"ಮೈಕಿನ ಕಡೆ."

"ಮೈಕಕ್ಕೆ ಕಡೆ ಇಲ್ಲ. ಕೂತ್ಕೊಳ್ಳಿ."

ದನಿ ಇಳಿದದ್ದು ತೂಕ ಸಾಲದೆ ಎಂದು ಅವರ ಲೆಕ್ಕ. ಅಡಿಕೆ ಕತ್ತರಿಯನ್ನೂ ಇಟ್ಟರು. ಒತ್ತಿದಷ್ಟೂ ದನಿ ಇಳಿಯಿತು. ದನಿ ಇಳಿದಷ್ಟೂ ಒತ್ತಿದರು. ಮದರಾಸಿನಲ್ಲಿ ನಾನು ಕಷ್ಟಪಟ್ಟು ಎಳೆದಿದ್ದ ಗ್ರಾಫಿನ ಗೆರೆ, ಹೇಗೆ ಮೊದಲು ನಿಧಾನವಾಗಿ ಇಳಿದು ಆಮೇಲೆ ಒಮ್ಮೆಲೇ ಕುಸಿಯುತ್ತದೋ, ಅದು ನನ್ನ ಕಿವಿಯೆದುರೇ ನಡೆಯುತ್ತಿತ್ತು. ಗುರುಗಳು ಇದ್ದಿದ್ದರೆ ಸಂತೋಷಪಡುತ್ತಿದ್ದರು. ಭಾವ ಚಪ್ಪರದ ಇನ್ನೊಂದು ತುದಿಯಿಂದ ಓಡಿ ಬಂದರು. ಅವರ ಮುಖದ ಮೇಲೆ ಪಂಜದ ಹಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು.

ಭಾರವನ್ನೆಲ್ಲ ಇಳಿಸಿದ ಮೇಲೆ ದನಿ ಅರ್ಧದಷ್ಟು ವಾಪಸು ಬಂತು. ಅಷ್ಟೇ ಬರುವುದು. ಉಳಿದರ್ಧ ಯಾವತ್ತೂ ಬರುವುದಿಲ್ಲ. ಅದನ್ನು ನಾನು ಪ್ರಬಂಧದಲ್ಲೂ ಬರೆದಿದ್ದೆ.

ಮನೆಗೆ ಬಂದ ಮೇಲೆ ಭಾವ ಕೇಳಿದರು, "ಅರ್ಧ ಹಾಡಿದ್ರೆ ನಿಂತ ಹಾಗೆ ಆಗ್ತದಾ?"

ನಾನು ಉತ್ತರ ಹುಡುಕುವ ಮೊದಲೇ ಅಕ್ಕ ಹೇಳಿದಳು, "ಇಲ್ಲ. ದೊಡ್ಡವರು ನಿಂತ ದಿನ ಅಂತ ಹೇಳಿದ್ದು. ಇಳಿದ ದಿನ ಅಂತ ಹೇಳ್ಲಿಲ್ಲ." ಅವಳು ಪುತ್ತೂರಿನ ಕೋರ್ಟಿನಲ್ಲಿ ಇರಬೇಕಾದವಳು.

ಸೋದರಮಾವ ಮಾತ್ರ ಊರಿಡೀ ಹೇಳಿಕೊಂಡು ತಿರುಗಿದರು: ತಾನು ತೂಕ ಇಟ್ಟ ಕಾರಣ ಅಷ್ಟಾದರೂ ಹಾಡಿತು, ಇಲ್ಲದಿದ್ದರೆ ಅದೂ ಇಲ್ಲ. ಆಮೇಲೆ ಆಲೆಟ್ಟಿಯಿಂದ ಮೈಕು ಬಾಡಿಗೆಗೆ ಹೇಳಲು ಬಂದವರೆಲ್ಲ ಅಂಗಡಿಯ ಮೆಟ್ಟಿಲಲ್ಲೇ ನಿಂತು ಕೇಳುತ್ತಿದ್ದರು, "ಸುಣ್ಣದ ಡಬ್ಬಿ ನಿಮ್ಮದೇ ಉಂಟಾ, ಅಲ್ಲ ನಾವೇ ತರ್ಬೇಕಾ?"

ಕಡಬದ ಮೌನ

ಕಡಬದಲ್ಲಿ ಒಬ್ಬ ಹಿರಿಯರು ತೀರಿಕೊಂಡರು. ಶ್ರದ್ಧಾಂಜಲಿ ಸಭೆಗೆ ನಮ್ಮ ಮೈಕು. ಮೈಕಿನ ಸ್ಟ್ಯಾಂಡು ಉಪ್ಪಿನಂಗಡಿಯಲ್ಲಿ ಬಸ್ಸಿನ ಮೇಲಿನಿಂದ ಬಿದ್ದು ಬಗ್ಗಿ ಹೋಗಿತ್ತು. ಭಾವ ಮೈಕನ್ನು ಒಂದು ಮಣೆಗೆ ಕಟ್ಟಿ ಮೇಜಿನ ಮೇಲೆಯೇ ಇಟ್ಟರು.

ಮೈಕಿನೊಳಗೂ ಅದೇ ಪಿಂಗಾಣಿ ಇದ್ದದ್ದು ಎಂದೆನಲ್ಲ. ಗಾಳಿಯಲ್ಲಿ ಬರುವ ಮಾತು ಅದಕ್ಕೆ ಅರೆಬರೆ ಕೇಳಿಸುತ್ತದೆ. ಮರದ ಮೂಲಕ ಬರುವ ನಡುಕ ಒಂದಿಷ್ಟೂ ತಪ್ಪುವುದಿಲ್ಲ. ಮೇಜಿಗೆ ಯಾರೂ ಮೈ ತಾಗಿಸಬಾರದು ಎಂದು ನಾನು ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಕೆಲವರು ಮೇಜಿಗೆ ಒರಗಿಕೊಂಡೇ.

ಭಾಷಣಗಳು ಆದವು. ತೀರಿಕೊಂಡವರು ಧರ್ಮಾತ್ಮರು, ಕೊಡುಗೈ, ಅಜಾತಶತ್ರು. ಅವರ ಮೇಲೆ ಗಡಿ ತಕರಾರಿನ ದಾವೆ ಹಾಕಿದ್ದವರು ತುಂಬ ಚೆನ್ನಾಗಿ ಮಾತಾಡಿದರು. ಕೊನೆಗೆ ಮೌನ ಪ್ರಾರ್ಥನೆ. ಎಲ್ಲರೂ ಎದ್ದು ನಿಂತರು. ಅಧ್ಯಕ್ಷರಿಗೆ ವಯಸ್ಸಾಗಿತ್ತು, ಮೊಣಕಾಲು ನೋವು. ಕೂತಲ್ಲೇ ಮೊಣಕೈಯನ್ನು ಮೇಜಿಗೆ ಊರಿ, ಹಣೆಯನ್ನು ಅಂಗೈಗೆ ಕೊಟ್ಟು ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತಿನಲ್ಲಿ ಕಡಬದ ಪೇಟೆಯ ಮೇಲೆ ಒಂದು ಗೊರಕೆ ಎದ್ದಿತು. ಅಧ್ಯಕ್ಷರ ಪಕ್ಕದಲ್ಲೇ ನಿಂತವರಿಗೂ ಅದು ಅವರ ಮೂಗಿನಿಂದ ಕೇಳಿಸುತ್ತಿರಲಿಲ್ಲ. ಹಣೆಯಿಂದ ಕೈಗೆ, ಕೈಯಿಂದ ಮೇಜಿಗೆ, ಮೇಜಿನಿಂದ ಪಿಂಗಾಣಿಗೆ ಇಳಿದು, ಹೆಂಚಿನ ಮಾಡಿನ ಮೇಲಿನ ಎರಡು ಹಾರ್ನುಗಳಲ್ಲಿ ಹೊರಬರುತ್ತಿತ್ತು. ಮೀನು ಮಾರುಕಟ್ಟೆಯಲ್ಲಿ ಜನ ತಲೆ ಎತ್ತಿ ನೋಡಿದರು.

ಮೌನ ಮುಗಿಯಿತು ಎಂದು ಹೇಳಬೇಕಾದವರು ಅಧ್ಯಕ್ಷರು. ಅವರು ಹೇಳದೆ ಕೂರುವಂತಿಲ್ಲ. ಅಧ್ಯಕ್ಷರನ್ನು ಅಲುಗಿಸಿ ಎಬ್ಬಿಸುವುದೆಂದರೆ ಅವರು ಮಲಗಿದ್ದು ಹೌದು ಎಂದು ಸಭೆಯಲ್ಲಿ ಒಪ್ಪಿಕೊಂಡ ಹಾಗೆ. ಎಲ್ಲರೂ ತಲೆ ತಗ್ಗಿಸಿ ನಿಂತೇ ಇದ್ದರು. ನಾನು ಮೈಕು ಆರಿಸಲು ಕೈ ಚಾಚಿದೆ. ಭಾವ ನನ್ನ ಕೈ ಹಿಡಿದು, ಮೂರನೇ ಸಾಲಿನ ಕಡೆಗೆ ಕಣ್ಣು ತೋರಿಸಿದರು. ಪಂಜದ ದೊಡ್ಡವರು ಅಲ್ಲಿ ನಿಂತಿದ್ದರು. ಅವರೆದುರು ಸೆಟ್ಟಿನ ದನಿ ನಿಲ್ಲುವ ಹಾಗಿರಲಿಲ್ಲ, ಗೊರಕೆಯಾದರೂ ಸರಿ.

ಕೊನೆಗೆ ತೀರಿಕೊಂಡವರ ಹಿರಿಮಗ, ಹೆಣ ಎತ್ತುವಾಗಲೂ ಅಳದಿದ್ದವನು, ಹೆಗಲ ಮೇಲಿನ ಬೈರಾಸಿನಿಂದ ಕಣ್ಣು ಒರೆಸಿಕೊಂಡ. "ಅಪ್ಪ ಮಧ್ಯಾಹ್ನ ಮಲಗಿದ್ರೆ ಹೀಗೇ ಕೇಳುದು" ಎಂದ. ಇಡೀ ಸಭೆಯಲ್ಲಿ ತೀರಿಕೊಂಡವರ ಬಗ್ಗೆ ಒಂದು ನಿಜವಾದ ಮಾತು ಬಂದದ್ದು ಆಗ.

ಮಗನ ಮಾತಿಗೆ ಅಧ್ಯಕ್ಷರಿಗೆ ಎಚ್ಚರವಾಗಿ ಮೌನವೂ ಮುಗಿಯಿತು. ಸಭೆ ಮುಗಿದ ಮೇಲೆ ದೊಡ್ಡವರು ನಮ್ಮ ಹತ್ತಿರ ಬಂದರು.

"ಎಂತ, ಇದು ಇನ್ನೂ ನಿಲ್ಲಲಿಲ್ವಾ?"

"ಇಲ್ಲ ಅಣ್ಣ" ಎಂದರು ಭಾವ.

"ಸರಿ. ಬರುವ ತಿಂಗಳು ಮಗಳ ಮದುವೆ. ಪಂಜಕ್ಕೆ ತೆಕ್ಕೊಂಡು ಬಾ. ಅಲ್ಲಿ ಎಷ್ಟು ಹಾಡ್ತದೆ ನೋಡುವ." ಎರಡು ಹೆಜ್ಜೆ ಹೋಗಿ ತಿರುಗಿ, "ಅವಳನ್ನೂ ಕರ್ಕೊಂಡು ಬಾ. ಒಲೆ ಖಾಲಿ ಉಂಟು" ಎಂದರು.

ಪಂಜದಲ್ಲಿ ನಿಂತದ್ದು

ಮದುವೆಗೆ ಹೊರಡುವ ಮೊದಲು ಭಾವ ಪಿಕಪ್ಪನ್ನು ನನ್ನ ಮುಂದೆ ಇಟ್ಟು, "ನಿಜ ಹೇಳಿ ಮಾಷ್ಟ್ರೆ" ಎಂದರು. ನಾನು ನೋಡಿದೆ. ಆಲೆಟ್ಟಿಯಲ್ಲಿ ಉಳಿದ ಅರ್ಧದಲ್ಲೂ ಅರ್ಧ ಹೋಗಿತ್ತು. ತುಂಡಿನಲ್ಲಿ ಕೂದಲೆಳೆಯಂಥ ಒಂದು ಗೀಟು.

"ಯಾರೂ ಮುಟ್ಟದಿದ್ರೆ ಒಂದು ಮದುವೆ ಕಳೀಬಹುದು. ಯಾರಾದ್ರೂ ಒತ್ತಿದ್ರೆ ಮುಗೀತು."

ನನ್ನ ವಿದ್ಯೆ ಇಷ್ಟೇ. ಯಾವಾಗ ಸಾಯುತ್ತದೆ ಎಂದು ಹೇಳಬಲ್ಲೆ, ಉಳಿಸಲಿಕ್ಕೆ ಬರುವುದಿಲ್ಲ. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮದುವೆಗೆ ಉಡುವ ಸೀರೆಯ ಜೊತೆಗೆ ಎರಡು ಹಳೇ ಸೀರೆಯನ್ನೂ ಟ್ರಂಕಿಗೆ ಹಾಕಿದಳು, ಒಲೆಯ ಮುಂದೆ ಉಡುವಂಥದ್ದು. ನಾವಿಬ್ಬರೂ ನೋಡದ ಹಾಗೆ ಮಾಡಿದೆವು.

ಪಂಜದಲ್ಲಿ ಭಾವ ಪೆಟ್ಟಿಗೆಯನ್ನು ಚಪ್ಪರದ ಮೂಲೆಯಲ್ಲಿ ಇಡುವ ಎಂದರು. ದೊಡ್ಡವರು ಕೇಳಲಿಲ್ಲ. ತಮ್ಮ ಕುರ್ಚಿಯ ಪಕ್ಕದಲ್ಲೇ ಮೇಜು ಹಾಕಿಸಿದರು. ಗಂಡಿನ ಕಡೆಯವರು ಮಡಿಕೇರಿ ಕಡೆಯಿಂದ ಬಂದವರು. ಅವರಿಗೆಲ್ಲ ದೊಡ್ಡವರು ಬೆಳಿಗ್ಗೆಯಿಂದ ಹೇಳುತ್ತಾ ಬಂದಿದ್ದರು, "ಸೆಟ್ಟು ಹೊರಗಿನದ್ದಲ್ಲ. ನಮ್ಮ ಮನೆಯದ್ದೇ. ತಮ್ಮ ನೋಡಿಕೊಳ್ಳುದು." ತಮ್ಮನನ್ನು ಸೋಲಿಸಬೇಕು, ತಮ್ಮನ ಸೆಟ್ಟಿನಲ್ಲಿ ಮೆರೆಯಲೂ ಬೇಕು. ಎರಡೂ ಒಂದೇ ದಿನ ಆಗಬೇಕು ಎಂಬುದು ಅವರ ಅಪೇಕ್ಷೆ.

ಭಾವ ನಾಗಸ್ವರದ ಪ್ಲೇಟು ಹಾಕಿದರು. ಹಾಡಿತು. ಸಣ್ಣ ದನಿಯಲ್ಲಿ, ಕಾಯಿಲೆಯವರು ಎದ್ದು ಕೂತ ಹಾಗೆ, ಆದರೂ ಹಾಡಿತು. ಅಡುಗೆ ಚಪ್ಪರದ ಬಾಗಿಲಲ್ಲಿ ಅಕ್ಕ ಸೌಟು ಹಿಡಿದು ನಿಂತಿದ್ದಳು. ಪ್ಲೇಟು ಬದಲಾಯಿಸುವಾಗಲೆಲ್ಲ ಸೌಟು ಗಾಳಿಯಲ್ಲೇ ನಿಲ್ಲುತ್ತಿತ್ತು.

ಆಗ ಮದುಮಗನ ದೊಡ್ಡಪ್ಪ ಕಿವಿಗೆ ಕೈ ಕೊಟ್ಟು, "ನಿಮ್ಮ ಮನೆಯ ಮೈಕಕ್ಕೆ ಜ್ವರವಾ ಹೇಗೆ?" ಎಂದು ಕೇಳಿದರು. ಅವರ ಕಡೆಯವರು ನಕ್ಕರು.

ದೊಡ್ಡವರು ಎದ್ದರು.

"ಎಂತ ಮಾರಾಯ, ಗಟ್ಟಿ ಮಾಡು."

"ಇಷ್ಟೇ ಬರುದು ಅಣ್ಣ. ಮುಟ್ಟಬೇಡಿ."

ಆ ಮನೆಯಲ್ಲಿ, ಆ ಅಂಗಳದಲ್ಲಿ, ಅವರಿಗೆ ಮುಟ್ಟಬೇಡಿ ಎಂದು ಅಷ್ಟರವರೆಗೆ ಯಾರೂ ಹೇಳಿರಲಿಲ್ಲ. ಅವರು ಭಾವನ ಮುಖ ನೋಡಿದರು, ಗಂಡಿನ ಕಡೆಯವರನ್ನು ನೋಡಿದರು, ಮುಳ್ಳಿನ ತಲೆಯ ಮೇಲೆ ಹೆಬ್ಬೆರಳು ಊರಿದರು. ಕೋಣದ ಮೂಗುದಾರ ಎಳೆದು ಬೆಳೆದ ಹೆಬ್ಬೆರಳು ಅದು. ನನ್ನ ಪ್ರಯೋಗಾಲಯದಲ್ಲಿ ಅಷ್ಟು ತೂಕದ ಕಲ್ಲು ಇರಲಿಲ್ಲ.

ಚಟ್ ಎಂದು ಒಂದು ಸಣ್ಣ ಸದ್ದಾಯಿತು. ಪಂಜ ಪೂರ್ತಿ ನಿಶ್ಶಬ್ದ.

ಪ್ಲೇಟು ಸುಮ್ಮನೆ ತಿರುಗುತ್ತಿತ್ತು. ಅಕ್ಕನ ಸೌಟು ಇಳಿಯಿತು. ಭಾವ ಎರಡೂ ಕೈಯನ್ನು ಮೇಜಿಗೆ ಊರಿ ನಿಂತರು. ಪೆಟ್ಟಿಗೆ ನಿಂತಿತ್ತು. ಚಾವಡಿಯ ದೈವದಿಂದ ನಾಲ್ಕು ಮಾರು ದೂರದಲ್ಲಿ, ಎಲ್ಲರ ಎದುರು ನಿಂತಿತ್ತು. ದೊಡ್ಡವರು ಬಾಯಿ ತೆರೆದರೆ ಸಾಕು, ಬಾಕಿ ಕೆಲಸ ಟ್ರಂಕು ಒಳಗೆ ಇಡುವುದು ಮಾತ್ರ.

ದೊಡ್ಡವರು ಬಾಯಿ ತೆರೆದರು. ಆಗ ಅವರ ಕಣ್ಣು ತಮ್ಮ ಹೆಬ್ಬೆರಳಿನ ಮೇಲೆ ಬಿತ್ತು. ಅದು ಇನ್ನೂ ಮುಳ್ಳಿನ ಮೇಲೆಯೇ ಇತ್ತು. ಚಪ್ಪರದಲ್ಲಿ ಇದ್ದವರೆಲ್ಲರೂ ಅದನ್ನೇ ನೋಡುತ್ತಿದ್ದರು.

ನಿಂತಿತು ಎಂದರೆ, ಯಾರಿಂದ ಎಂಬ ಪ್ರಶ್ನೆ ಬರುತ್ತದೆ. ಮಗಳ ಮದುವೆಯಲ್ಲಿ, ಬೀಗರ ಎದುರು, ಮನೆಯ ಯಜಮಾನ ಸ್ವಂತ ಕೈಯಿಂದ ಮಂಗಳವಾದ್ಯ ಮುರಿದ ಎಂದಾಗುತ್ತದೆ. ಅವರು ಹೆಬ್ಬೆರಳನ್ನು ನಿಧಾನವಾಗಿ ತೆಗೆದು ಪಂಚೆಗೆ ಒರೆಸಿಕೊಂಡರು.

"ನಿಂತದ್ದಲ್ಲ ಇದು" ಎಂದರು, ಎಲ್ಲರಿಗೂ ಕೇಳುವ ಹಾಗೆ. "ನಾನೇ ನಿಲ್ಲಿಸಿದ್ದು. ಜನಕ್ಕೆ ಮಂತ್ರ ಕೇಳ್ಬೇಡ್ವಾ?"

ಧಾರೆಗೆ ಇನ್ನೂ ಒಂದು ಗಂಟೆಗಿಂತ ಹೆಚ್ಚು ಇತ್ತು. ಮಂತ್ರ ಹೇಳುವವರು ಯಾರೂ ಇರಲಿಲ್ಲ. ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದ ಪುರೋಹಿತರ ಮೇಲೆ ದೊಡ್ಡವರ ಕಣ್ಣು ಬಿತ್ತು. ಪುರೋಹಿತರು ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, ಯಾವುದೋ ಒಂದು ಮಂತ್ರ ಸುರು ಮಾಡಿದರು. ಅದು ಗೃಹಪ್ರವೇಶದ್ದು ಎಂದು ಆಮೇಲೆ ತಿಳಿದವರೊಬ್ಬರು ಹೇಳಿದರು.

ಅಕ್ಕ ಅಡುಗೆ ಚಪ್ಪರದ ಒಳಗೆ ಹೋದಳು. ಅಲ್ಲಿಂದ ಬಹಳ ಹೊತ್ತು ಕೆಮ್ಮು ಕೇಳಿಸಿತು. ಹೊಗೆಗೆ ಇರಬೇಕು ಎಂದು ಹೆಂಗಸರು ನೀರು ಕೊಟ್ಟರು.

ಸಂಜೆ ಹೊರಡುವಾಗ ಭಾವ, ಮೊದಲೇ ಹೇಳಿದೆನಲ್ಲ, ಧೈರ್ಯವಿಲ್ಲದವರು, ಆದರೆ ಪ್ರಾಮಾಣಿಕರು, ಅಣ್ಣನ ಎದುರು ಹೋಗಿ ನಿಂತರು.

"ಅಣ್ಣ, ಅವತ್ತು ಚಾವಡಿಯಲ್ಲಿ ಒಂದು ಮಾತು ಆಗಿತ್ತು."

"ಹೌದು. ಅದಕ್ಕೆ ಎಂತ? ಪೆಟ್ಟಿಗೆ ನಿಂತಿದ್ಯಾ?"

ಭಾವ ನನ್ನನ್ನು ನೋಡಿದರು. ನಾನು ತೆಂಗಿನಮರವನ್ನು ನೋಡಿದೆ.

"ನಾನು ನಿಲ್ಲಿಸಿದ್ದು ಅಂತ ಹೇಳಿದೆನಲ್ಲ" ಎಂದರು ದೊಡ್ಡವರು.

"ಒಮ್ಮೆ ಹಾಕಿ ತೋರಿಸ್ಲಾ?"

"ಬೇಡ" ಎಂದರು ಅವರು, ಸ್ವಲ್ಪ ಬೇಗನೆ. "ಕತ್ತಲಾಗ್ತದೆ. ಬಸ್ಸು ತಪ್ಪಿಸಿಕೊಳ್ಬೇಡಿ. ಅವಳನ್ನೂ ಕರ್ಕೊಂಡು ಹೋಗು."

ಹೀಗೆ ಅಕ್ಕ ಪುತ್ತೂರಿಗೆ ವಾಪಸು ಬಂದಳು. ಕೆಲವು ತಿಂಗಳ ನಂತರ ಮದರಾಸಿನಿಂದ ಹೇಗೋ ಹೊಸ ತುಂಡು ಬಂತು. ಅಷ್ಟರಲ್ಲಿ ದೊಡ್ಡವರ ಎರಡನೇ ಮಗಳಿಗೆ ಮದುವೆ ನಿಶ್ಚಯವಾಯಿತು. ಅವರೇ ಅಂಗಡಿಗೆ ಬಂದು, ನಿಂತುಕೊಂಡೇ ಹೇಳಿದರು, "ಸೆಟ್ಟು ತೆಕ್ಕೊಂಡು ಬಾ. ಎರಡೂ ಹಾರ್ನು ಕಟ್ಟು, ಪೆಟ್ಟಿಗೆ ನನ್ನ ಪಕ್ಕದಲ್ಲೇ ಇಡು. ಆದ್ರೆ ಹಾಡಿಸುದು ಬೇಡ. ನಮ್ಮಲ್ಲಿ ಮಂತ್ರಕ್ಕೆ ಹಾಡು ನಿಲ್ಲಿಸುವ ಕ್ರಮ ಉಂಟಲ್ಲ."

ಭಾವ ಹೋದರು. ಹಾರ್ನು ಕಟ್ಟಿದರು. ಬ್ಯಾಟರಿ ಇಟ್ಟರು, ತಂತಿ ಎಳೆದರು, ಪ್ಲೇಟುಗಳನ್ನು ಸಾಲಾಗಿ ಜೋಡಿಸಿದರು, ಪೆಟ್ಟಿಗೆಯ ಪಕ್ಕದಲ್ಲಿ ಕೈ ಕಟ್ಟಿ ನಿಂತರು. ಬೀಗರು ಬಂದು ನೋಡಿ, ಒಳ್ಳೆ ಸೆಟ್ಟು, ಕಿವಿಗೆ ಹಿಂಸೆ ಇಲ್ಲ ಎಂದು ಹೊಗಳಿದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ತಕರಾರೂ ಬರಲಿಲ್ಲ. ಭಾವನ ಜೀವಮಾನದಲ್ಲಿ ಗ್ರಾಹಕರಿಗೆ ಪೂರ್ತಿ ತೃಪ್ತಿಯಾದ ಕಾರ್ಯಕ್ರಮ ಅದು.